ಅವ್ವನ ಪಾಲಿಗೆ ಬಂದ ಕೆಂಪು ಕೋಟೆ

ದಿಲ್ಲಿಗೆ ಹೋಗೋಣ ಎಂಬ ಮಾತನ್ನು ಮೊದಲು ಆಡಿದವರು ನಮ್ಮ ಮನೆಯವರು. ಅವರು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಮಿಲ್ಲು ನಡೆಯುತ್ತಿದ್ದರೆ ಮೋಟರು ಕೆಡುತ್ತದೆ, ಮಿಲ್ಲು ನಿಂತರೆ ಕೆಟ್ಟ ಮೋಟರೆಲ್ಲ ರಿಪೇರಿಗೆ ಬರುತ್ತವೆ. ಹೀಗಾಗಿ ಮದುವೆಯಾದಾಗಿನಿಂದ ಅವರಿಗೆ ಸಾಲಾಗಿ ಮೂರು ದಿನ ರಜೆ ಸಿಕ್ಕಿದ್ದು ನನಗೆ ನೆನಪಿಲ್ಲ. ಆ ಸಂಜೆ ಊಟಕ್ಕೆ ಕೂತವರು ಪಲ್ಯ ಹಾಕಿಸಿಕೊಳ್ಳುತ್ತ, "ದಸರಾ ಆದ ಮ್ಯಾಲೆ ಮಿಲ್ಲಿಗೆ ಹೊಸಾ ಮಷಿನ್ ಬರ್ತಾವಂತ. ಹತ್ತು ದಿನ ಬಂದ್ ಇರ್ತದ. ಮಷಿನ್ ಕೊಟ್ಟವರೇ ಬಂದು ಕೂಡಸ್ತಾರ, ನಂದೇನೂ ಕೆಲಸಿಲ್ಲ. ದಿಲ್ಲಿಗೆ ಹೋಗಿ ಬರೋಣೇನು?" ಎಂದರು. ಉಪ್ಪು ಕೊಡು ಎನ್ನುವಾಗಲೂ ಅವರ ದನಿ ಹಾಗೇ ಇರುತ್ತದೆ.

ನಮ್ಮ ಮಗಳಿಗೆ ಒಂಬತ್ತು ವರ್ಷ. ಕೈಯಲ್ಲಿ ರೊಟ್ಟಿ ಹಿಡಿದೇ ಎದ್ದು ನಿಂತಳು.

"ಪಪ್ಪಾ, ಖರೇ ಹೇಳು."

"ಖರೇನೇ."

"ಆಣಿ ಮಾಡು."

"ಅನ್ನದ ಮುಂದ ಕೂತು ಯಾರರೆ ಸುಳ್ಳ ಹೇಳ್ತಾರೇನು?"

ಅವಳು ಅಡುಗೆ ಮನೆಗೆ ಒಂದು ಸುತ್ತು ಹೋಗಿ ಬಂದಳು, ಬಾಗಿಲ ತನಕ ಹೋಗಿ ಬಂದಳು, ಮತ್ತೆ ತಟ್ಟೆಯ ಮುಂದೆ ಕೂತು ಬಹಳ ಯೋಚನೆ ಮಾಡಿದವಳ ಹಾಗೆ ಹೇಳಿದಳು: "ಆಯಿ ಬರ್ಲೇಬೇಕು. ಆಯಿಗೆ ದಿಲ್ಲಿ ಎಲ್ಲಾ ಗೊತ್ತದ. ಆಕಿನೇ ನಮ್ಮ ಗೈಡ್."

ಆಯಿ ಎಂದರೆ ನನ್ನ ಅವ್ವ. ಕಮಲಾಪುರದಲ್ಲಿ ನನ್ನ ಅಣ್ಣನ ಮನೆಯಲ್ಲಿ ಇರುತ್ತಾಳೆ. ಬೆಳಿಗ್ಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ತೆಗೆದುಕೊಂಡು ಬಸ್ ನಿಲ್ಲುವ ಕಡೆ ಕೂರುತ್ತಾಳೆ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಹಣ್ಣಿಗಿಂತ ಹೆಚ್ಚು ಅವಳ ಮಾತೇ ಖರ್ಚಾಗುತ್ತದೆ ಎಂದು ಅಣ್ಣ ನಗುತ್ತಾನೆ. ನಾನು ಅದೇ ಊರಿನ ಒಂದು ಸರಕಾರಿ ಕಚೇರಿಯಲ್ಲಿ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೇನೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತೇನೆ, ಮಧ್ಯಾಹ್ನದ ಊಟ ಅವ್ವನ ಜೊತೆ.

ಅವ್ವ ದಿಲ್ಲಿಗೆ ಹೋಗಿದ್ದು ನಾನು ಆರನೇ ತರಗತಿಯಲ್ಲಿದ್ದಾಗ. ಯಾವುದೋ ದೊಡ್ಡ ಸಭೆಗೆಂದು ನಮ್ಮ ಕಡೆಯ ಹಳ್ಳಿಗಳಿಂದ ಹೆಂಗಸರನ್ನು ರೈಲು ಗಾಡಿ ತುಂಬ ಕರೆದುಕೊಂಡು ಹೋಗಿದ್ದರು. ನಮ್ಮ ಓಣಿಯಿಂದ ಐದು ಜನ ಹೋದರು. ಆರನೇ ದಿನ ತಿರುಗಿ ಬಂದಾಗ ಓಣಿಯೆಲ್ಲ ನಮ್ಮ ಕಟ್ಟೆಯ ಮುಂದೆ ಸೇರಿತ್ತು. ಅವ್ವ ಕಾಲು ಚಾಚಿ ಕೂತು ಲಾಲ್ ಕಿಲ್ಲಾದ ಕಥೆ ಹೇಳಿದಳು. ಎತ್ತರದ ಗೋಡೆ, ಸುತ್ತ ಕಂದಕ, ಕಂದಕದ ತುಂಬ ಜಾಲಿ, ಒಳಗೆ ಒಂದು ಮಸೀದಿ, ಅದರ ಮೇಲೆ ಎಣಿಸಲಾಗದಷ್ಟು ಗುಮ್ಮಟ. ಗೋಡೆಯ ಮೇಲೆ ಒಂದು ತೋಪು, ಅಂದರೆ ಫಿರಂಗಿ. ಅದರ ಉದ್ದಕ್ಕೆ ಇಪ್ಪತ್ತು ಮಂದಿ ಸಾಲಾಗಿ ಕೂತು ಊಟ ಮಾಡಬಹುದು. ಅಂದಿನಿಂದ ಓಣಿಯಲ್ಲಿ ಅವಳು 'ದಿಲ್ಲಿ ನೋಡಿದಾಕಿ'. ಹಣ್ಣು ಕೊಳ್ಳಲು ಬಂದವರಿಗೂ ಈ ಕಥೆ ಪುಕ್ಕಟೆ ಸಿಗುತ್ತಿತ್ತು. ನಾನು ಅದನ್ನು ಕೇಳುತ್ತಲೇ ದೊಡ್ಡವಳಾದೆ, ನನ್ನ ಮಗಳೂ ಕೇಳುತ್ತಲೇ ಬೆಳೆಯುತ್ತಿದ್ದಳು.

ಮರುದಿನ ಊಟದ ಹೊತ್ತಿಗೆ ಅವ್ವನಿಗೆ ವಿಷಯ ಹೇಳಿದೆ. ಅವಳ ಕೈ ರೊಟ್ಟಿಯ ಮೇಲೆ ನಿಂತಿತು.

"ನೀವು ಮೂರು ಮಂದಿ ಹೋಗಿ ಬರ್ರಿ. ನಾ ನೋಡೀನಲ್ಲ."

"ನಿನ್ನ ಮೊಮ್ಮಗಳು ಬಿಡೂದಿಲ್ಲ. ನೀನೇ ಗೈಡ್ ಅಂತ."

"ಮಳಕಾಲು ನೋಯ್ತಾವ ನನಗ."

ನನಗೆ ನಗು ಬಂತು. ಪ್ರತಿ ವರ್ಷ ದಸರೆಗೆ, ಧಮ್ಮ ದೀಕ್ಷೆಯ ದಿನಕ್ಕೆಂದು ನಾಗಪುರಕ್ಕೆ ಹೋಗಿ, ಆ ಜನಸಾಗರದಲ್ಲಿ ಇಡೀ ದಿನ ನಿಂತು ಬರುವವಳಿಗೆ ಮೊಣಕಾಲು ದಿಲ್ಲಿಗೆ ಮಾತ್ರ ನೋಯುತ್ತದೆಯೇ? ನಮ್ಮ ಮೇಲೆ ಖರ್ಚು ಹಾಕಲು ಹಿಂಜರಿಯುತ್ತಿದ್ದಾಳೆ ಎಂದುಕೊಂಡು, "ನಾಗಪುರಕ್ಕ ಹೋಗಿ ಬಾ, ಆಮ್ಯಾಲೆ ಮೂರು ದಿನ ಆರಾಮ ಮಾಡು, ನಾಲ್ಕನೇ ದಿನ ಗಾಡಿ ಹತ್ತೋಣು" ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಮಗಳು ಹಳೆಯ ವರ್ಷದ ಒಂದು ನೋಟ್‌ಬುಕ್ ಹುಡುಕಿ, ಬರೆದ ಹಾಳೆಗಳನ್ನು ಹರಿದು, ಉಳಿದದ್ದಕ್ಕೆ ಹೊಸ ರಟ್ಟು ಹಾಕಿದಳು. ಮೇಲೆ 'ದಿಲ್ಲಿ' ಎಂದು ಬರೆದು ಸುತ್ತ ಬಾವುಟಗಳನ್ನು ಬಿಡಿಸಿದಳು. ಅದು ಆಮೇಲೆ ನಮ್ಮ ಮನೆಯ ಕಾನೂನಾಯಿತು. ಮೊದಲ ಪುಟದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೊಂದು ಜಾಗ ಬರೆಸಬೇಕು, ಒಂದೇ ಒಂದು. ಅವಳದು ರೈಲು ಸಂಗ್ರಹಾಲಯ. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟ್ಟ ಗಾಡಿ ಇದೆಯಂತೆ. ನಮ್ಮ ಮನೆಯವರು ಬರೆಸಿದ್ದು ಮೆಟ್ರೊ.

"ಅದು ನೋಡೋ ಜಾಗ ಅಲ್ಲ ಪಪ್ಪಾ, ಅದರಾಗ ಕೂತು ಜಾಗಾ ನೋಡಾಕ ಹೋಗೋದು."

"ಅದಕ್ಕ ಕರೆಂಟ್ ಹೆಂಗ ಬರ್ತದ ಅಂತ ನಾ ನೋಡಬೇಕು. ಮೊದಲನೇ ಡಬ್ಬಿದಾಗ ನಿಂತು ನೋಡಬೇಕು. ಬರಿ."

ನಾನು, ಹೋಟೆಲ್ ಕೋಣೆಯಲ್ಲಿ ಬೆಳಿಗ್ಗೆ ಮಲಗಿದ್ದಲ್ಲಿಗೇ ಯಾರಾದರೂ ಚಹಾ ತಂದುಕೊಡಬೇಕು ಎಂದೆ. ಇದೂ ಜಾಗ ಅಲ್ಲವೆಂದು ಅವಳು ಬಹಳ ಹೊತ್ತು ವಾದಿಸಿ, ಕೊನೆಗೆ 'ಮಮ್ಮಿ: ಚಹಾ' ಎಂದು ಬರೆದುಕೊಂಡಳು. ಆಯಿಯ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ ಉಳಿಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ ಅವ್ವ, "ನಾ ಎಲ್ಲಾ ನೋಡೀನವ್ವಾ, ನೀವು ಎಲ್ಲಿ ಅಂತೀರೋ ಅಲ್ಲಿ" ಎನ್ನುತ್ತಿದ್ದಳು.

ರೈಲಿನ ಟಿಕೇಟು ಎರಡು ತಿಂಗಳು ಮುಂಚೆ ಸಿಗತೊಡಗುತ್ತದೆ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ. ಆ ದಿನ ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ. ನನ್ನ ಫೋನು, ಅವರ ಫೋನು ಎರಡನ್ನೂ ಹಾಸಿಗೆಯ ಮೇಲಿಟ್ಟು ಮೂವರೂ ಸುತ್ತ ಕೂತಿದ್ದೆವು. ಮಗಳು ಗೋಡೆ ಗಡಿಯಾರ ನೋಡುತ್ತ ಐವತ್ತೆಂಟು, ಐವತ್ತೊಂಬತ್ತು ಎಂದು ಎಣಿಸುತ್ತಿದ್ದಳು. ಅವರ ಫೋನಿನಲ್ಲಿ ಎಂಟಾದ ಕೂಡಲೇ ಚಕ್ರ ಸುತ್ತತೊಡಗಿ ಅಲ್ಲೇ ನಿಂತಿತು. ನನ್ನದರಲ್ಲಿ ಹೆಸರು, ವಯಸ್ಸು ಎಲ್ಲ ಮೊದಲೇ ತುಂಬಿಟ್ಟಿದ್ದೆ. ದಿನವೂ ಮಾಡುವ ಕೆಲಸ ಅದೇ ತಾನೆ. ಒತ್ತಿದೆ. ನಾಲ್ಕು ಸೀಟು, ನಾಲ್ಕೂ ಒಂದೇ ಕಡೆ. ನಮ್ಮ ಮನೆಯವರು ನನ್ನ ಬೆರಳುಗಳನ್ನು ಹೊಸದಾಗಿ ನೋಡಿದವರಂತೆ ನೋಡಿ, "ನಿನ್ನ ಮಿಲ್ಲಿಗೆ ತಗೋಬೇಕು" ಎಂದರು. ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಹಾಲಿನವನಿಗೆ, ಕಿರಾಣಿ ಅಂಗಡಿಯವರಿಗೆ, ಕೆಳಗಿನ ಮನೆಯವರಿಗೆ ಎಲ್ಲರಿಗೂ ಬೋಗಿ ನಂಬರ್ ಹೇಳಿಕೊಂಡು ಹೋದಳು. ಸಂಜೆ ನಾನು ಬರುವಷ್ಟರಲ್ಲಿ ಕೆಳಗಿನ ಮನೆಯವರು ತಮ್ಮ ಗಾಲಿ ಇರುವ ದೊಡ್ಡ ಬ್ಯಾಗನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದರು. ಹೊರಡಲು ಇನ್ನೂ ಅರವತ್ತು ದಿನವಿತ್ತು.

ನೋಟ್‌ಬುಕ್ ತುಂಬುತ್ತ ಹೋಯಿತು. ಭಾನುವಾರ ಕಮಲಾಪುರಕ್ಕೆ ಕರೆದುಕೊಂಡು ಹೋದರೆ ಮಗಳು ಆಯಿಯ ಎದುರು ಕೂತು ಪತ್ರಿಕೆಯವರ ಹಾಗೆ ಪ್ರಶ್ನೆ ಕೇಳುತ್ತಿದ್ದಳು. ತೋಪಿನ ಬಾಯಿ ಯಾವ ಕಡೆ ಇತ್ತು? ಒಳಗೆ ಚಹಾ ಸಿಗುತ್ತದೆಯೇ? ಕುಡಿಯುವ ನೀರು? ಅವ್ವ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು: 'ಕಿಲ್ಲಾದ ಒಳಗ ಮನಿಗಳು ಅದಾವ. ಆಡು ಮೇಯ್ತಾವ. ಗೋಡಿ ಸಂದಿನಾಗ ಗಿಡಾ ಬೆಳಿತಾವ, ಬುಡಾ ಭಾಳ ಗಟ್ಟಿ.' ಇಷ್ಟು ವರ್ಷದ ಮೇಲೂ ಗೋಡೆಯ ಸಂದಿನ ಗಿಡ ನೆನಪಿದೆಯಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಒಂದು ಸಂಜೆ ಮಗಳು ಫೋನಿನಲ್ಲಿ ಕೆಂಪು ಕೋಟೆಯ ವಿಡಿಯೊ ನೋಡುತ್ತ ಕೂತಿದ್ದವಳು ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟುಕೊಂಡಳು. ವಿಡಿಯೊ ನಿಲ್ಲಿಸಿದಳು, ಹಿಂದೆ ಒಯ್ದಳು, ಮತ್ತೆ ನೋಡಿದಳು. ಆಮೇಲೆ ಆಯಿಗೆ ಫೋನ್ ಮಾಡಿದಳು.

"ಆಯಿ, ಇದರಾಗ ಆ ಉದ್ದನ್ ತೋಪೇ ಇಲ್ಲ."

"ತೆಗೆದಿಟ್ಟಿರಬೇಕು. ನಾ ಹೋಗಿ ಎಷ್ಟ ವರ್ಷಾತು."

"ಆಡೂ ಇಲ್ಲ."

"ಸರಕಾರದವರು ಬಿಡಸ್ಯಾರ. ಈಗ ಎಲ್ಲಾ ಕಡೆ ಹಂಗೇ."

ಮಗಳು ಒಪ್ಪಿದಳು. ತೋಪಿನ ಪಕ್ಕ 'ಈಗ ಇಲ್ಲ' ಎಂದು ಸಣ್ಣದಾಗಿ ಬರೆದಳು. ಆದರೆ ಮರುದಿನ ಊಟಕ್ಕೆ ಹೋದಾಗ ಅವ್ವ ತಾನು ಉಣ್ಣದೆ ನನಗೆ ಬಡಿಸುತ್ತ, ಸಹಜ ಎನ್ನುವ ಹಾಗೆ ಕೇಳಿದಳು: "ಆ ಟಿಕೇಟ್ ಒಂದ ವಾಪಸ್ ಕೊಡಾಕ ಬರ್ತದೇನು?"

"ಯಾಕವ್ವಾ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ. ಸುಮ್ನ ಕೇಳಿದೆ."

ಡಾಕ್ಟರ ಹತ್ತಿರ ಹೋಗೋಣ ಎಂದೆ. ಬೇಡವೆಂದಳು. ಏನೋ ಇದೆ ಎನಿಸಿತು, ಏನೆಂದು ಗೊತ್ತಾಗಲಿಲ್ಲ.

ಆಗಲೇ ಮಗಳು ತಾಲೀಮಿನ ವಿಚಾರ ತೆಗೆದಳು. ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಕವಾಯತಿಗೆ ವಾರಗಟ್ಟಲೆ ತಾಲೀಮು ಮಾಡಿಸುತ್ತಾರೆ; ದಿಲ್ಲಿಗೆ ಮಾತ್ರ ತಾಲೀಮಿಲ್ಲದೆ ಹೋಗುವುದು ಹೇಗೆ ಎಂಬುದು ಅವಳ ಪ್ರಶ್ನೆ. ಒಂದು ಭಾನುವಾರ ನಾಲ್ವರೂ ಬ್ಯಾಗ್ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಹೋಗಿ, ಇಡೀ ದಿನ ನಡೆದು ನೋಡಬೇಕು. ಆಯಿಯ ಮೊಣಕಾಲು ಎಷ್ಟು ಹೊತ್ತಿಗೆ ನೋಯುತ್ತದೆ, ಯಾರಿಗೆ ಎಷ್ಟು ನೀರು ಬೇಕು, ಎಲ್ಲ ಬರೆದುಕೊಳ್ಳಬೇಕು. ಎಲ್ಲಿಗೆ? ಲಾಲ್ ಕಿಲ್ಲಾದ ತಾಲೀಮನ್ನು ಕಿಲ್ಲಾದಲ್ಲೇ ಮಾಡಬೇಕು, ಅಂದರೆ ನಮ್ಮ ಕಲಬುರಗಿಯ ಕೋಟೆಯಲ್ಲಿ. ಹೇಳಲು ನಾಚಿಕೆ, ಈ ಊರಲ್ಲಿ ಹುಟ್ಟಿ ಒಂಬತ್ತು ವರ್ಷವಾದರೂ ಅವಳನ್ನು ನಾವು ಆ ಕೋಟೆಯೊಳಗೆ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಬಸ್ಸಿನ ಕಿಟಕಿಯಿಂದ ಗೋಡೆ ಕಾಣುತ್ತಿತ್ತು, ಅಷ್ಟು ಸಾಕೆಂದುಕೊಂಡಿದ್ದೆವು. ನಾನು ಹೋಗಿದ್ದೂ ಶಾಲೆಯ ಕಾಲದಲ್ಲಿ ಒಮ್ಮೆ, ಓಡಿ ಹೋಗಿ ಓಡಿ ಬಂದದ್ದು.

ಅವ್ವನಿಗೆ ನಾವು ಜಾಗದ ಹೆಸರು ಹೇಳಿರಲಿಲ್ಲ. ಅದನ್ನು ಗುಟ್ಟಾಗಿಡುವ ಆಸೆ ಮಗಳದು. ಶನಿವಾರವೇ ಅವ್ವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಭಾನುವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೊರಟೆವು. ನಮ್ಮ ಮನೆಯವರು ಕೆಳಗಿನ ಮನೆಯವರ ಗಾಲಿ ಬ್ಯಾಗಿನಲ್ಲಿ ಎರಡು ಚಾದರ ತುಂಬಿ ಅದನ್ನೂ ಎಳೆದುಕೊಂಡು ಬಂದರು. ಗಾಲಿ ತಾಳುತ್ತದೋ ಇಲ್ಲವೋ ನೋಡಬೇಕಂತೆ.

ಕೋಟೆಯ ಹತ್ತಿರ ಬಸ್ಸಿಳಿದಾಗ ಅವ್ವ ತಲೆಯೆತ್ತಿ ನೋಡಿದಳು. "ಇಲ್ಲಿಗ್ಯಾಕ?" ಎಂದಳು.

"ತಾಲೀಮು, ಆಯಿ" ಎಂದು ಮಗಳು ಕೈ ಹಿಡಿದು ಎಳೆದುಕೊಂಡು ನಡೆದಳು.

ಬಾಗಿಲು ದಾಟುವಾಗ ಕಂದಕ ಕಂಡಿತು, ಅದರ ತುಂಬ ಜಾಲಿ. ಸ್ವಲ್ಪ ಮುಂದೆ ಹೋದರೆ ಆಡುಗಳು. ಮನೆಗಳ ಮುಂದೆ ಬಟ್ಟೆ ಒಣಗುತ್ತಿದ್ದವು. ಮಗಳು ಮೊದಮೊದಲು ನೀರಿನ ಬಾಟಲಿ, ಗಾಲಿ ಬ್ಯಾಗು ಎಂದು ಓಡಾಡುತ್ತಿದ್ದವಳು ಬರುಬರುತ್ತ ಅದನ್ನೆಲ್ಲ ಮರೆತು ಸುತ್ತ ನೋಡತೊಡಗಿದಳು. ಮಸೀದಿಯ ಗುಮ್ಮಟಗಳನ್ನು ಎಣಿಸಲು ಹೋಗಿ ನಡುವೆ ಬಿಟ್ಟಳು. ಆಮೇಲೆ ಮೆಟ್ಟಿಲು ಹತ್ತಿ ಗೋಡೆಯ ಮೇಲೆ ಹೋದೆವು. ಅಲ್ಲಿ ಉದ್ದಕ್ಕೆ ತೋಪು ಮಲಗಿತ್ತು, ಇಪ್ಪತ್ತಲ್ಲ, ಇನ್ನೂ ಹೆಚ್ಚು ಮಂದಿಗೆ ಎಲೆ ಹಾಕಬಹುದಿತ್ತು.

ಮಗಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಪುಟ ತಿರುವಿದಳು. ತೋಪು ನೋಡಿದಳು, ಪುಟ ನೋಡಿದಳು.

"ಆಯಿ, ನೀ ಹೇಳಿದ ತೋಪು ಇದು."

ಅವ್ವ ಅಲ್ಲೇ ಕಲ್ಲಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಏನೋ ಹೇಳಿ ಮಾತು ಮರೆಸಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಹೇಳಿದಳು: "ಹೌದವ್ವಾ. ಇದೇ."

"ಮತ್ತ ಲಾಲ್ ಕಿಲ್ಲಾ?"

"ನಾ ಲಾಲ್ ಕಿಲ್ಲಾ ನೋಡಿಲ್ಲ."

ಮಗಳು ನೋಟ್‌ಬುಕ್ ಮುಚ್ಚಿದಳು. ಅಳಲಿಲ್ಲ. ಗೋಡೆಯ ಅಂಚಿನಲ್ಲಿ ನಿಂತಿದ್ದ ತನ್ನ ಅಪ್ಪನ ಹತ್ತಿರ ಹೋಗಿ ಅವರ ಅಂಗಿ ಹಿಡಿದು ಆ ಕಡೆ ಮುಖ ಮಾಡಿ ನಿಂತಳು. ನಾನು ಅವ್ವನ ಪಕ್ಕ ಕೂತೆ. ನನಗೆ ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚು ಗೊಂದಲವಾಗಿತ್ತು.

"ದಿಲ್ಲಿಗೆ ಹೋಗಿದ್ದಾದ್ರೂ ಖರೇನೋ?" ಎಂದೆ.

"ಹೋಗಿದ್ದು ಖರೇ. ನೋಡಿದ್ದು ಸುಳ್ಳ."

ಅವ್ವ ಹೇಳತೊಡಗಿದಳು. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಪ್ಪಿಸಿಕೊಳ್ಳಬಾರದೆಂದು ಇಬ್ಬಿಬ್ಬರು ಸೆರಗಿಗೆ ಸೆರಗು ಗಂಟು ಹಾಕಿಕೊಂಡಿದ್ದರು. ನಿಲ್ದಾಣದಿಂದ ನೇರ ಒಂದು ದೊಡ್ಡ ಮೈದಾನಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. ಮೈಕಿನಲ್ಲಿ ಹಿಂದಿ ಮಾತು. ಯಾರು ಮಾತಾಡುತ್ತಿದ್ದಾರೆ, ಯಾತಕ್ಕೆ ಎಂಬುದು ಅಷ್ಟು ದೂರಕ್ಕೆ ತಿಳಿಯಲಿಲ್ಲ. ಬಿಸಿಲು ಏರಿತು. ನೀರಿಗೆ ಹೋದಾಗ ಗದ್ದಲದಲ್ಲಿ ಅವ್ವನ ಒಂದು ಚಪ್ಪಲಿ ಹೋಯಿತು. ಸಂಜೆ ಮತ್ತೆ ನಿಲ್ದಾಣ, ಮತ್ತೆ ಅದೇ ಗಾಡಿ.

ಮಗಳು ಯಾವಾಗ ಹತ್ತಿರ ಬಂದು ನಿಂತಳೋ ಗೊತ್ತಾಗಲಿಲ್ಲ. "ಬರಿಗಾಲಾಗ ನಡದೇನು?" ಎಂದಳು.

"ಒಂದ ಕಾಲಾಗ ಚಪ್ಪಲಿ ಇತ್ತು. ಅಲ್ಲಿ ರಸ್ತಾ ಗುಡಸಾಕಿ ಒಬ್ಬಾಕಿ ಇದ್ದಳು. ಆಕಿ ಮಾತು ನನಗ ತಿಳಿಲಿಲ್ಲ, ನನ್ನ ಮಾತು ಆಕಿಗೆ ತಿಳಿಲಿಲ್ಲ. ನನ್ನ ಕಾಲು ನೋಡಿದಳು. ತನ್ನ ಕಸದ ಗಾಡಿ ಕೆಳಗ ಇಟ್ಟಿದ್ದ ರಬ್ಬರ್ ಚಪ್ಪಲಿ ತಗದು ಕೊಟ್ಟಳು. ಗಂಡಸರ ಚಪ್ಪಲಿ. ಅವನ್ನೇ ಹಾಕ್ಕೊಂಡು ಊರಿಗೆ ಬಂದೆ."

ಆ ನೀಲಿ ಚಪ್ಪಲಿ ನನಗೆ ನೆನಪಿತ್ತು. ದಿಲ್ಲಿಯಲ್ಲಿ ಕೊಂಡದ್ದೆಂದು ಹೇಳಿ ಬಹಳ ದಿನ ಜೋಪಾನ ಮಾಡಿದ್ದಳು.

"ಮತ್ತ ಸುಳ್ಳ ಯಾಕ ಹೇಳಿದಿ?" ಮಗಳು ಬಿಡಲಿಲ್ಲ.

ಅವ್ವ ನಕ್ಕಳು, ಸ್ವಲ್ಪ ಅಳುವೂ ಇತ್ತು ಅದರಲ್ಲಿ. ತಿರುಗಿ ಬರುವಾಗ ಗಾಡಿಯಲ್ಲಿ ನಮ್ಮ ಓಣಿಯ ಐವರೂ ಒಟ್ಟಿಗೆ ಕೂತಿದ್ದರಂತೆ. ಹಿರಿಯಳೊಬ್ಬಳು, "ಆರು ದಿನ ಮಕ್ಕಳ ಬಿಟ್ಟು ಬಂದೀವಿ. ಏನ್ ನೋಡಿದ್ರಿ ಅಂತ ಕೇಳಿದ್ರ ನೆಲಾ ನೋಡಿದಿವಿ ಅನ್ನೋದೇನು?" ಎಂದಳು. ಇನ್ನೊಬ್ಬಳು ನಿಲ್ದಾಣದಲ್ಲಿ ಮಕ್ಕಳಿಗೆಂದು ದಿಲ್ಲಿಯ ಚಿತ್ರಗಳಿದ್ದ ಒಂದು ಹಾಳೆ ಕೊಂಡಿದ್ದಳು. ಅದನ್ನು ನಡುವೆ ಹರಡಿಕೊಂಡು ಜಾಗಗಳನ್ನು ಹಂಚಿಕೊಂಡರು. ಒಬ್ಬರ ಮಾತು ಒಬ್ಬರಿಗೆ ಅಡ್ಡ ಬರಬಾರದೆಂದು ಒಬ್ಬೊಬ್ಬರಿಗೆ ಒಂದೊಂದೇ.

"ನನ್ನ ಪಾಲಿಗೆ ಲಾಲ್ ಕಿಲ್ಲಾ ಬಂತು. ಚಿತ್ರದಾಗ ಬರೇ ಮುಂದಿನ ಗೋಡಿ ಇತ್ತು. ಒಳಗೇನದ ಅಂತ ನನಗೇನ್ ಗೊತ್ತು? ನನಗ ಗೊತ್ತಿದ್ದ ಕಿಲ್ಲಾ ಇದೊಂದೇ."

"ಇದು ಹೆಂಗ ಗೊತ್ತಿತ್ತು?" ಎಂದೆ.

"ಲಗ್ನಾಗೂಕಿಂತ ಮೊದಲ ಇಲ್ಲಿ ಕೂಲಿಗೆ ಬರ್ತಿದ್ದೆ. ಈ ಗೋಡಿ ಮ್ಯಾಲಿನ ಗಿಡಾ ಕೀಳೋ ಕೆಲಸ. ಎರಡು ಬ್ಯಾಸಿಗಿ ಬಂದೀನಿ." ಅವ್ವ ಎದ್ದು ಗೋಡೆಯ ಸಂದಿಗೆ ಕೈ ಹಾಕಿ, ಅಲ್ಲಿ ಮೊಳೆತಿದ್ದ ಅರಳಿ ಸಸಿಯೊಂದನ್ನು ಹಿಡಿದು ಅಲುಗಾಡಿಸಿದಳು. "ನೋಡು, ಎಳದರ ಬರೂದಿಲ್ಲ. ಬುಡಾ ಒಳಗ ಹೋಗಿರ್ತದ. ಮೊದಲ ಸುತ್ತ ಕೆದರಬೇಕು."

ನನ್ನ ಅವ್ವ ಇಲ್ಲಿ ಕೂಲಿ ಮಾಡಿದ್ದು ನನಗೆ ಅಂದೇ ಗೊತ್ತಾಯಿತು. ದಿಲ್ಲಿಯ ಕಥೆ ನೂರು ಸಲ ಕೇಳಿದವಳು ಈ ಗೋಡೆಯ ಕಥೆ ಒಮ್ಮೆಯೂ ಕೇಳಿರಲಿಲ್ಲ. ಯಾರೂ ಕೇಳುವುದಿಲ್ಲವೆಂದು ಅವಳೂ ಹೇಳಿರಲಿಲ್ಲ.

ಮಗಳೂ ಆ ಸಸಿಯನ್ನು ಎಳೆದು ನೋಡಿದಳು. ಆಮೇಲೆ ಲೆಕ್ಕ ಬಿಡಿಸಿದವಳ ಹಾಗೆ, "ಅಂದ್ರ ನಿನಗೂ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ" ಎಂದಳು.

"ಇಲ್ಲ."

"ಹಂಗಾರ ನಾನೇ ಗೈಡ್."

ನಮ್ಮ ಮನೆಯವರು ಬುತ್ತಿ ಬಿಚ್ಚುತ್ತ, "ಗೈಡಮ್ಮಾ, ಊಟದ ಟೈಮ್ ಆತೋ ಇಲ್ಲೋ?" ಎಂದರು. ತೋಪಿನ ಪಕ್ಕ ನೆರಳಿದ್ದ ಕಡೆ ಕೂತು ಊಟ ಮಾಡಿದೆವು. ಅವ್ವ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದಳು. ಗಾಲಿ ಬ್ಯಾಗಿನ ಒಂದು ಗಾಲಿ ಮೆಟ್ಟಿಲಿನ ಮೇಲೆ ಕಳಚಿಕೊಂಡಿತ್ತು. ಹಿಂದಿರುಗಿ ಬಂದ ಮೇಲೆ ಅವರು ಅದಕ್ಕೆ ಮಿಲ್ಲಿನ ಯಾವುದೋ ಬೇರಿಂಗ್ ಹಾಕಿದರು. ಕೆಳಗಿನ ಮನೆಯವರು ಈಗಲೂ ಅದನ್ನು ಹೊಗಳುತ್ತಾರೆ.

ಅಂದಿನಿಂದ ಅವ್ವನ ಮೊಣಕಾಲು ನೋಯಲಿಲ್ಲ. ದಿನಕ್ಕೆ ಎರಡು ಸಲ ಫೋನು ಬರತೊಡಗಿತು. ಎಲ್ಲ ಗೊತ್ತಿರುವವಳು ಯಾರನ್ನೂ ಏನನ್ನೂ ಕೇಳುವ ಹಾಗಿರಲಿಲ್ಲವಲ್ಲ, ಈಗ ಇಷ್ಟು ವರ್ಷದ ಪ್ರಶ್ನೆಗಳೆಲ್ಲ ಒಮ್ಮೆಲೇ ಬಂದವು. ಮೆಟ್ರೊ ನೆಲದೊಳಗೆ ಹೋದಾಗ ಉಸಿರಾಡಲು ಗಾಳಿ ಎಲ್ಲಿಂದ ಬರುತ್ತದೆ? ಅಲ್ಲಿ ಜೋಳ ಸಿಗುತ್ತದೆಯೇ? ದಸರೆಯ ಮೇಲೆ ಚಳಿ ಎಷ್ಟು? ಸ್ವೆಟರ್ ಬೇಕೋ, ಶಾಲು ಸಾಕೋ? ಗೈಡಮ್ಮ ಒಂದೊಂದಕ್ಕೂ ಹುಡುಕಿ ಉತ್ತರ ಹೇಳುತ್ತಿದ್ದಳು. ಗೊತ್ತಿಲ್ಲದಿದ್ದರೆ 'ಅಲ್ಲಿ ಹೋಗಿ ನೋಡೋಣು' ಎಂದು ಪ್ರಶ್ನೆಯನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮನೆಯಲ್ಲಿ ಗಲಾಟೆಯೋ ಗಲಾಟೆ. ಆಗ್ರಾಕ್ಕೂ ಹೋಗಬೇಕು ಎಂದು ನಮ್ಮ ಮನೆಯವರು, ಒಂದೇ ಊರನ್ನು ಸರಿಯಾಗಿ ನೋಡೋಣ ಎಂದು ನಾನು. ಗೈಡಮ್ಮ ನನ್ನ ಪರ ತೀರ್ಪು ಕೊಟ್ಟು, ಬರುವಾಗ ಗಾಡಿ ಆಗ್ರಾದಲ್ಲಿ ನಿಂತಾಗ ಪಪ್ಪಾ ಅಲ್ಲಿಯ ಮಿಠಾಯಿ ಪೇಠಾ ಕೊಳ್ಳಬಹುದು ಎಂದು ಬರೆದಳು.

ಮೊದಲ ಪುಟದ ಖಾಲಿ ಜಾಗವೂ ತುಂಬಿತು. "ಸಂವಿಧಾನ ಮಾಡುವಾಗ ಎಲ್ಲಾರೂ ಕೂಡಿ ಕೂತಿದ್ದರಲ್ಲ, ಆ ದುಂಡನ ಮನಿ" ಎಂದಳು ಅವ್ವ. "ಒಳಗ ಬಿಡ್ತಾರೋ ಇಲ್ಲೋ. ರಸ್ತೆದಾಗ ನಿಂತು ನೋಡಿದ್ರೂ ಸಾಕು ನನಗ." ಮಗಳು ಅದಕ್ಕೆ ಮೊದಲ ದಿನದ ಮುಂಜಾನೆಯನ್ನೇ ಇಟ್ಟಳು. ತನ್ನ ಪುಟ್ಟ ಗಾಡಿಯನ್ನು ಎರಡನೇ ದಿನಕ್ಕೆ ತಳ್ಳಿದಳು. ಯಾರೂ ಹೇಳಿರಲಿಲ್ಲ.

ಅವ್ವ ನಾಗಪುರಕ್ಕೆ ಹೊರಡುವ ಮುಂಚಿನ ವಾರ ಇನ್ನೊಂದು ಸಂಗತಿ ನಡೆಯಿತು. ಮಧ್ಯಾಹ್ನ ಅವ್ವನ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಪಕ್ಕದ ಮನೆಯ ಹಿರಿಯಕ್ಕ ಬಂದು ಬಾಗಿಲ ಹತ್ತಿರ ಕೂತಳು. ಅವಳೂ ಆ ಐವರಲ್ಲಿ ಒಬ್ಬಳು. ಶಾಲೆಗೆ ಸೂಟಿ ಇದ್ದದ್ದರಿಂದ ಮಗಳೂ ಅಂದು ನನ್ನ ಜೊತೆ ಇದ್ದಳು. ಹಿರಿಯಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನಿಮ್ಮವ್ವ ಎಲ್ಲಾ ಹೇಳ್ಯಾಳಂತ. ನನ್ನ ಪಾಲಿಗೆ ಕುತುಬ್ ಮಿನಾರ್ ಬಂದಿತ್ತವ್ವಾ. ನಾ ಮ್ಯಾಲಿನ ತನಕ ಹತ್ತೀನಿ ಅಂತ ಹೇಳೀನಿ. ಹತ್ತಾಕ ಬರ್ತದೋ ಇಲ್ಲೋ, ಅಷ್ಟು ನೋಡ್ಕೊಂಡು ಬಾ."

"ಭಾಳ ವರ್ಷದಿಂದ ಬಂದ್ ಅದ. ಯಾರನ್ನೂ ಹತ್ತಾಕ ಬಿಡೂದಿಲ್ಲ" ಎಂದಳು ಮಗಳು ಕೂಡಲೇ.

ಹಿರಿಯಕ್ಕ ವಿಚಾರ ಮಾಡಿದಳು. "ಎಷ್ಟು ವರ್ಷದಿಂದ?"

"ನೀವು ಹೋಗೂಕಿಂತ ಮೊದಲಿಂದ."

"ಇದು ಮಾತ್ರ ಯಾರಿಗೂ ಹೇಳಬ್ಯಾಡವ್ವಾ" ಎಂದು ಅವಳು ಮಗಳ ಗಲ್ಲ ಹಿಡಿದಳು. ಅವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿರಿಯಕ್ಕನೂ ನಕ್ಕಳು. ಇಬ್ಬರೂ ನಗುತ್ತ ನಗುತ್ತ, ಉಳಿದ ಮೂವರ ಪಾಲಿಗೆ ಏನೇನು ಬಂದಿತ್ತು, ಯಾರು ಎಂಥ ಸುಳ್ಳು ಹೇಳಿದ್ದರು ಎಂದು ನೆನೆಸಿಕೊಳ್ಳತೊಡಗಿದರು. ಆ ದಿನ ನಾನು ಕಚೇರಿಗೆ ಅರ್ಧ ಗಂಟೆ ತಡವಾಗಿ ಹೋದೆ.

ಗಾಡಿ ಇದ್ದದ್ದು ಬೆಳಗಿನ ಜಾವ. ಅವ್ವ ನಾಗಪುರದಿಂದ ಬಂದು ಮೂರು ದಿನ ಆರಾಮ ಮಾಡುವುದಿರಲಿ, ಎರಡನೇ ದಿನವೇ ಗಂಟು ಹಿಡಿದು ಖೂಬಾ ಪ್ಲಾಟಿಗೆ ಬಂದುಬಿಟ್ಟಿದ್ದಳು. ಹೊಸ ಚಪ್ಪಲಿ ಹಾಕಿದ್ದಳು, ಹಿಂದೆ ಪಟ್ಟಿ ಇರುವಂಥವು, ಗದ್ದಲದಲ್ಲಿ ಕಳಚಬಾರದೆಂದು. ಗಾಡಿ ಬರಲು ಇನ್ನೂ ಒಂದು ಗಂಟೆ ಇರುವಾಗಲೇ ನಾವು ನಿಲ್ದಾಣದಲ್ಲಿದ್ದೆವು. ಮಗಳು ನಮ್ಮ ಬೋಗಿ ನಿಲ್ಲುವ ಜಾಗ ಹುಡುಕಿ, ಅಲ್ಲಿ ಬ್ಯಾಗುಗಳನ್ನು ಸಾಲಾಗಿ ಇಡಿಸಿ, ನಾಲ್ಕು ಮಂದಿ ಇದ್ದೇವೋ ಇಲ್ಲವೋ ಎಂದು ಎರಡು ಸಲ ಎಣಿಸಿದಳು. ದೂರದಲ್ಲಿ ಗಾಡಿಯ ದೀಪ ಕಂಡಾಗ ಎಲ್ಲರಿಗಿಂತ ಮುಂಚೆ ಬ್ಯಾಗ್ ಎತ್ತಿಕೊಂಡವಳು ನಾನೇ. ನಾನೂ ದಿಲ್ಲಿ ನೋಡಿದವಳಲ್ಲ.

ಹತ್ತಿ ಕೂತೆವು. ಎದುರಿನ ಸೀಟಿನಲ್ಲಿ ಬೆಂಗಳೂರಿನಿಂದ ಬರುತ್ತಿದ್ದ ಹೆಂಗಸೊಬ್ಬರು ಆಗಷ್ಟೇ ಎದ್ದಿದ್ದರು. ಕಿಟಕಿಯ ಪಕ್ಕ ನೆಟ್ಟಗೆ ಕೂತ ಅವ್ವನನ್ನು ನೋಡಿ, "ದೆಹಲಿಗಾ? ಮೊದಲು ಹೋಗಿದ್ದೀರಾ?" ಎಂದು ಕೇಳಿದರು.

"ಹೋಗೀನ್ರೀ" ಎಂದಳು ಅವ್ವ. "ನೋಡಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅವ್ವ ಕಾಲು ಮಡಚಿ ಮೇಲಿಟ್ಟುಕೊಂಡು ಮೈದಾನದಿಂದ, ಮೈಕಿನಿಂದ ಕಥೆ ಶುರು ಮಾಡಿದಳು. ನಮ್ಮ ಮನೆಯವರು ಬ್ಯಾಗುಗಳಿಗೆ ಸರಪಳಿ ಹಾ‌ಕಿ ಬೀಗ ಜಡಿಯುತ್ತಿದ್ದರು. ಹೊರಗೆ ತೊಗರಿ ಹೊಲಗಳ ಮೇಲೆ ಬೆಳಕು ಹರಿಯತೊಡಗಿತ್ತು. ಸೊಲ್ಲಾಪುರ ಬರುವ ತನಕ ಬುತ್ತಿ ಬಿಚ್ಚಬಾರದು ಎಂದು ನೋಟ್‌ಬುಕ್ಕಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಬರೆದವಳೇ ರೊಟ್ಟಿಯ ಗಂಟಿಗೆ ಕೈ ಹಾಕಿ, ನನ್ನ ಮುಖ ನೋಡುತ್ತಿದ್ದಳು.